ಅಪ್ಪನ ಸಾಲ ಯಾರ ತಲೆಗೆ?

(ಮಿಲ್ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕೇರಿಗಳಲ್ಲಿ ಈ ನೋಟ ಹೊಸದಲ್ಲ. ಮನೆಯ ಯಜಮಾನ ತೀರಿಕೊಂಡು ತಿಥಿ ಕೂಡ ಮುಗಿದಿರುವುದಿಲ್ಲ, ಸಾಹುಕಾರ ಬಾಗಿಲಲ್ಲಿ ನಿಂತಿರುತ್ತಾನೆ. "ನಿಮ್ಮಪ್ಪ ಬರೆದ ನೋಟು ನನ್ನ ಹತ್ತಿರ ಇದೆ. ನೀನು ಮಗ ತಾನೇ? ಇಲ್ಲೊಂದು ಸಹಿ ಹಾಕು" ಎನ್ನುತ್ತಾನೆ. ಹುಡುಗ ಮಾನಕ್ಕೆ ಅಂಜಿ ಸಹಿ ಹಾಕುತ್ತಾನೆ. ಅಂದಿನಿಂದ ಅವನ ಪಗಾರ ಸಾಹುಕಾರನ ಖಾತೆಗೆ ಸೇರಿತು. ಆ ಸಹಿಯ ವಿಷಯ ಹೇಳಲೆಂದೇ ಬಂದಿದ್ದೇನೆ.

ತಂದೆಯ ಸಾಲ ತೀರಿಸುವುದು ಮಗನ ಧರ್ಮಋಣ ಎಂದು ಹಳೆಯ ಹಿಂದೂ ಶಾಸ್ತ್ರ ಹೇಳಿತು. ಆ ಹೆಸರಿನಲ್ಲಿ ಒಟ್ಟು ಕುಟುಂಬದ ಆಸ್ತಿಯಲ್ಲಿದ್ದ ಮಗನ ಪಾಲೂ ಕೋರ್ಟಿನ ಹರಾಜಿಗೆ ಬರುತ್ತಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಈ ಕೊಂಡಿಯನ್ನು ಕಡಿಯಿತು. ಅಲ್ಲಿಂದೀಚೆಗೆ ತಂದೆ ಮಾಡಿದ ಸಾಲಕ್ಕೆ, ಕೇವಲ ಧರ್ಮಋಣದ ಕಾರಣ ಹೇಳಿ ಮಗನ ಮೇಲಾಗಲಿ ಮೊಮ್ಮಗನ ಮೇಲಾಗಲಿ ದಾವೆ ನಡೆಯದು.

ಹಾಗಾದರೆ ಸಾಲ ಚಿತೆಯಲ್ಲೇ ಸುಟ್ಟುಹೋಯಿತೇ? ಇಲ್ಲ. ಸಾಲ ಆಸ್ತಿಯ ಹಿಂದೆ ಹೋಗುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಎಲ್ಲ ಮತದವರಿಗೂ ಹೇಳುವುದು ಇಷ್ಟೇ: ಸತ್ತವನ ಆಸ್ತಿ ವಾರಸುದಾರನ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ ಮಾತ್ರ ಅವನು ಹೊಣೆ. ಅಪ್ಪ ಒಂದು ಲಕ್ಷ ಸಾಲ ಮಾಡಿ 20,000 ರೂಪಾಯಿ ಬಾಳುವ ಆಸ್ತಿ ಬಿಟ್ಟಿದ್ದರೆ ವಸೂಲಿ 20,000ಕ್ಕೆ ನಿಲ್ಲಬೇಕು. ಮಗ ದುಡಿದ ಕೂಲಿ ಅದಕ್ಕೆ ಸೇರದು. ಆದರೆ ಬಂದ ಆಸ್ತಿಗೆ ಲೆಕ್ಕ ಇಡಬೇಕು. ಮಾರಿ ತಿಂದು ಲೆಕ್ಕ ತೋರಿಸದವನು ಅಷ್ಟರ ಮಟ್ಟಿಗೆ ಕೈಯಿಂದ ತೆರಬೇಕು. ಅಡವಿಟ್ಟ ಮನೆಯ ಮಾತು, ಜಾಮೀನು ನಿಂತ ಮಗನ ಮಾತು ಬೇರೆ.

ಮಗಳು ಹುಟ್ಟಿನಿಂದಲೇ ಪಿತ್ರಾರ್ಜಿತಕ್ಕೆ ಸಮಪಾಲುದಾರಳು, 2005ರಲ್ಲಿ ತಂದೆ ಬದುಕಿರಬೇಕಾಗಿಯೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಪಾಲಿನೊಡನೆ ಆ ಆಸ್ತಿಯ ಹೊಣೆಯೂ ಸಮನಾಗಿ ಬರುತ್ತದೆ. "ಬರೀ ಸಾಲವೇ ಇದೆ" ಎಂದು ಹೆದರಿಸಿ ತಂಗಿಯರಿಂದ ಹಕ್ಕು ಖುಲಾಸೆ ಪತ್ರ ಬರೆಸಿಕೊಳ್ಳುವ ಅಣ್ಣಂದಿರು ಇದನ್ನು ಕೇಳಿಸಿಕೊಳ್ಳಲಿ.

ಇನ್ನು ಸರ್ಕಾರದ ತೆರಿಗೆ. ಸತ್ತವರ ದೊಡ್ಡ ಆಸ್ತಿಗಳ ಮೇಲೆ 1953ರಲ್ಲಿ ಹಾಕಿದ ಎಸ್ಟೇಟ್ ಡ್ಯೂಟಿ 1985ರಲ್ಲಿ ರದ್ದಾಯಿತು. ಕೋಟ್ಯಧೀಶನ ಮಗ ಆ ಮಟ್ಟಿಗೆ ನಿಶ್ಚಿಂತ. ಚಿಕ್ಕ ಅಂಗಡಿಯವನ ಮಗನಾದರೋ ಎಚ್ಚರವಾಗಿರಬೇಕು. 2017ರ ಜಿಎಸ್‌ಟಿ ಕಾನೂನಿನಂತೆ ತಂದೆಯ ವ್ಯಾಪಾರ ಮುಂದುವರಿಸಿದರೆ ಹಳೆಯ ತೆರಿಗೆ ಬಾಕಿಗೆ ಅವನೇ ಹೊಣೆ. ವ್ಯಾಪಾರ ನಿಲ್ಲಿಸಿದರೆ ತಂದೆ ಬಿಟ್ಟ ಆಸ್ತಿಯಷ್ಟಕ್ಕೆ ಮಾತ್ರ. ಆದ್ದರಿಂದ ಅಂಗಡಿಯ ಬಾಗಿಲು ತೆಗೆಯುವ ಮೊದಲು ಲೆಕ್ಕದ ಪುಸ್ತಕ ತೆಗೆದು ನೋಡಿ.

ಈಗ ಆ ಸಹಿಗೆ ಬರೋಣ. 1963ರ ಕಾಲಮಿತಿ ಕಾನೂನಿನಂತೆ ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ವಾಯಿದೆ. ವಾಯಿದೆಯೊಳಗೆ ಸಾಲ ಒಪ್ಪಿ ಸಹಿ ಹಾಕಿದರೆ ಎಣಿಕೆ ಮತ್ತೆ ಮೊದಲಿನಿಂದ. ನಿಮ್ಮ ಹೆಸರಿನಲ್ಲೇ ಹೊಸ ನೋಟು ಬರೆದುಕೊಟ್ಟಿರೋ, ಅದು ನಿಮ್ಮ ಸಾಲವೆಂದೇ ದಾವೆ ಹೂಡಲು ದಾರಿ ಮಾಡಿಕೊಟ್ಟಂತೆ. ಆದ್ದರಿಂದ ನೋಟು ತೋರಿಸು ಎನ್ನಿ, ತಾರೀಖು ನೋಡಿ, ನಕಲು ಕೇಳಿ. 1987ರ ಕಾನೂನಿನಂತೆ ಕೈಗಾರಿಕಾ ಕಾರ್ಮಿಕರಿಗೂ ಹೆಂಗಸರಿಗೂ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ತಂದೆಯ ಋಣವನ್ನು ಮನಸಾರೆ ತೀರಿಸುವವನಿಗೆ ನನ್ನ ನಮಸ್ಕಾರ. ಅವನು ತಿಳಿದು ತೀರಿಸಲಿ. ಹೆದರಿ ಸಹಿ ಹಾಕುವುದು ಬೇಡ.