ಗೂಢಲಿಪಿಯ ಸಂಪರ್ಕ ಸ್ಥಗಿತಗೊಂಡಾಗ



ಮುಂಬಯಿಯ ಶಾಖಾ ಕಚೇರಿಯೊಂದು ದೆಹಲಿಯ ಕೇಂದ್ರ ಕಚೇರಿಯೊಡನೆ ಅಂತರಜಾಲದ ಮೂಲಕ ಗೂಢಲಿಪಿಯ ಸಂಪರ್ಕ ಹೊಂದಿದೆಯೆಂದು ಭಾವಿಸೋಣ. ಒಂದು ಬೆಳಿಗ್ಗೆ ರೂಟರಿನ ಪರದೆಯ ಮೇಲೆ ಸಂಪರ್ಕವು ಚಾಲನೆಯಲ್ಲಿದೆಯೆಂದೇ ತೋರುತ್ತದೆ. ಆದರೆ ಒಂದು ಕಡತವೂ ತೆರೆಯುವುದಿಲ್ಲ. ಪಿಂಚಣಿದಾರರು ಸರದಿಯಲ್ಲಿ ಕಾದಿದ್ದಾರೆ. ಆಗ ‘ಸದ್ಯಕ್ಕೆ ಗೂಢಲಿಪಿಯನ್ನು ತೆಗೆದುಬಿಡಿ’ ಎಂಬ ಸಲಹೆ ಕೇಳಿಬರುವುದು ಸಹಜ. ಆದರೆ ಅದು ಸಲ್ಲದು. ಹಾಗೆ ಮಾಡಿದರೆ ನಾಗರಿಕರ ಖಾತೆಯ ವಿವರಗಳು ದಾರಿಯಲ್ಲಿ ಅನ್ಯರ ಕಣ್ಣಿಗೆ ಬೀಳಬಹುದು. ಕ್ರಮವಾಗಿ ಪರಿಶೀಲಿಸಿದರೆ ದೋಷದ ನೆಲೆಯನ್ನು ಕಂಡುಕೊಳ್ಳಬಹುದು.

ಬಹುವಾಗಿ ಬಳಕೆಯಲ್ಲಿರುವ ಐಪಿಸೆಕ್ ಪದ್ಧತಿಯಲ್ಲಿ ಎರಡು ಹಂತಗಳುಂಟು. ಮೊದಲನೆಯದು ಕೀಲಿಗಳ ವಿನಿಮಯ. ಇದು ಯುಡಿಪಿ 500ನೆಯ ಪೋರ್ಟಿನಲ್ಲಿ ಆರಂಭವಾಗುತ್ತದೆ. ಎರಡನೆಯದು ಮಾಹಿತಿಯ ಸಾಗಣೆ. ಇದಕ್ಕೆ ಇಎಸ್‌ಪಿ ಎಂಬ, 50ನೆಯ ಸಂಖ್ಯೆಯ ಬೇರೆಯೇ ಪ್ರೋಟೊಕಾಲ್ ಇದೆ. ನಡುವೆ ವಿಳಾಸ ಬದಲಿಸುವ ಉಪಕರಣವಿದ್ದರೆ ಮಾಹಿತಿಯು ಯುಡಿಪಿ 4500ನೆಯ ಪೋರ್ಟಿನಲ್ಲಿ ಸಾಗುತ್ತದೆ. ಫೈರ್‌ವಾಲ್ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆದರೆ, ಮದುವೆಯ ಮಾತುಕತೆ ಮುಗಿದರೂ ದಿಬ್ಬಣ ನಡುದಾರಿಯಲ್ಲಿ ನಿಂತಂತಾಗುತ್ತದೆ.

ಆದುದರಿಂದ ಮೊದಲು ಎರಡೂ ತುದಿಗಳಲ್ಲಿ ಪ್ಯಾಕೆಟ್ಟುಗಳ ಎಣಿಕೆಯನ್ನು ನೋಡತಕ್ಕದ್ದು. ನಮ್ಮ ಕಡೆಯಲ್ಲಿ ಕಳುಹಿಸಿದ ಸಂಖ್ಯೆಯೇ ಏರದಿದ್ದರೆ ದೋಷ ನಮ್ಮಲ್ಲಿದೆ: ಮಾರ್ಗದ ನಿರ್ದೇಶನ ತಪ್ಪಿರಬಹುದು, ಇಲ್ಲವೇ ಪ್ಯಾಕೆಟ್ಟಿನ ವಿಳಾಸವು ಸಂಪರ್ಕವನ್ನು ಸೇರುವ ಮೊದಲೇ ಬದಲಾಗುತ್ತಿರಬಹುದು. ನಮ್ಮಲ್ಲಿ ಏರಿ, ಅಲ್ಲಿ ಸ್ವೀಕೃತ ಸಂಖ್ಯೆ ಏರದಿದ್ದರೆ ತಡೆ ದಾರಿಯಲ್ಲಿದೆ. ಅಲ್ಲಿ ಸ್ವೀಕೃತವಾಗಿಯೂ ಉತ್ತರ ಹೊರಡದಿದ್ದರೆ ಆ ಕಡೆಯ ಹಿಂದಿರುಗುವ ಮಾರ್ಗವನ್ನು ಪರೀಕ್ಷಿಸಬೇಕು.

ಪಿಂಗ್ ಉತ್ತರಿಸುತ್ತದೆ, ದೊಡ್ಡ ಕಡತ ಮಾತ್ರ ನಿಂತುಬಿಡುತ್ತದೆ ಎಂಬುದು ಇನ್ನೊಂದು ಲಕ್ಷಣ. ಈಥರ್‌ನೆಟ್ಟಿನಲ್ಲಿ ಪ್ಯಾಕೆಟ್ಟಿನ ಸಾಮಾನ್ಯ ಮಿತಿ 1500 ಬೈಟುಗಳು. ಗೂಢಲಿಪಿಯ ಹೊದಿಕೆಯೂ ಇದರೊಳಗೇ ಅಡಗಬೇಕಾದುದರಿಂದ ತುಂಬು ಗಾತ್ರದ ಪ್ಯಾಕೆಟ್ಟು ಮಿತಿಯನ್ನು ಮೀರುತ್ತದೆ. ಅದನ್ನು ತಿಳಿಸುವ ಐಸಿಎಂಪಿ ಸೂಚನೆಯನ್ನು ಫೈರ್‌ವಾಲ್ ತಡೆದರೆ ಕಳುಹಿಸುವ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ವಿಭಜನೆಯನ್ನು ನಿಷೇಧಿಸಿ, ಪಿಂಗ್‌ನ ಗಾತ್ರವನ್ನು ಹಂತಹಂತವಾಗಿ ಏರಿಸಿದರೆ ಎಲ್ಲಿ ಕಡಿಯುತ್ತದೆಂಬುದು ಗೋಚರಿಸುವುದು. ಟಿಸಿಪಿಯ ಗರಿಷ್ಠ ಖಂಡದ ಗಾತ್ರವನ್ನು ಅದಕ್ಕನುಗುಣವಾಗಿ ಇಳಿಸುವುದೇ ಪರಿಹಾರ.

ಸಂಪರ್ಕವು ನಿಯತ ಅವಧಿಗೊಮ್ಮೆ ನಿಂತರೆ ಕೀಲಿಗಳ ನವೀಕರಣವನ್ನು ಶಂಕಿಸಬೇಕು. ಎರಡು ತುದಿಗಳ ನಿಯಮಗಳು ಹೊಂದದಿದ್ದರೆ ಹೊಸ ಕೀಲಿ ಹುಟ್ಟುವುದಿಲ್ಲ. ಒಂದು ತುದಿಯ ಯಂತ್ರ ಮರುಚಾಲನೆಗೊಂಡು ಹಳೆಯ ಕೀಲಿಯನ್ನು ಮರೆತಿದ್ದರೂ ಇನ್ನೊಂದು ತುದಿ ಅದನ್ನೇ ಬಳಸುತ್ತಿರಬಹುದು. ಎದುರಿನ ತುದಿ ಜೀವಂತವಾಗಿದೆಯೇ ಎಂದು ವಿಚಾರಿಸುವ ವ್ಯವಸ್ಥೆಯನ್ನು ಎರಡೂ ಕಡೆ ಚಾಲೂ ಮಾಡಿರಬೇಕು. ಕೆಲಸವಿಲ್ಲದ ಹೊತ್ತಿನ ನಂತರ ಮಾತ್ರ ನಿಂತರೆ ವಿಳಾಸ ಬದಲಿಸುವ ಉಪಕರಣವು ನಂಟನ್ನು ಮರೆತಿರುತ್ತದೆ. ಇದಕ್ಕಾಗಿ 2005ರ ಮಾನಕವು 20 ಸೆಕೆಂಡುಗಳಿಗೊಮ್ಮೆ ಕಿರುಸಂದೇಶ ಕಳುಹಿಸುವುದನ್ನು ಸಾಮಾನ್ಯ ನಿಯಮವಾಗಿ ವಿಧಿಸಿದೆ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದನ್ನು ಸಮಯಸಹಿತ ಬರೆದಿಡಿರಿ. ಫಲ ನೀಡದ ಬದಲಾವಣೆಯನ್ನು ಹಿಂತೆಗೆದುಕೊಳ್ಳಿರಿ. ಸರದಿಯಲ್ಲಿ ನಿಂತವರಿಗೆ ವಿಳಂಬದ ಕಾರಣವನ್ನು ವಿನಯದಿಂದ ತಿಳಿಸಿರಿ. ಅವರು ಒಂದು ಗಂಟೆ ಕಾದಾರು. ಒಮ್ಮೆ ಹೊರಬಿದ್ದ ಅವರ ಗುಟ್ಟನ್ನು ಮರಳಿ ತರುವುದು ಯಾರಿಂದಲೂ ಆಗದು.