ಹಗ್ಗ ಕೈ ಬದಲಾದ ಮೇಲೆ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳು ಕಸಾಯಿಖಾನೆಯ ವಿಷಯ ಮಾತಾಡುತ್ತೇನೆ ಎಂದಾಗ ಸಮಿತಿಯ ಹಿರಿಯರೊಬ್ಬರಿಗೆ ಸರಿಬರಲಿಲ್ಲ. "ಡಾಕ್ಟರೇ, ನಾವು ತಿನ್ನುವವರೂ ಅಲ್ಲ, ಕಡಿಯುವವರೂ ಅಲ್ಲ. ಮಠದೊಳಗೆ ಆ ಮಾತು ಯಾಕೆ?" ಎಂದರು. ಬುದ್ಧಿಯವರು "ಮಾತಾಡಲಿ ಬಿಡಿ" ಎಂದು ಅಪ್ಪಣೆ ಕೊಟ್ಟರು. ಹಿರಿಯರ ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ತಿನ್ನುವವರಲ್ಲ, ಕಡಿಯುವವರಲ್ಲ. ಆದರೆ ನಾವು ಮಾರುವವರು. ಇಲ್ಲಿ ಕುಳಿತವರಲ್ಲಿ ಮುಕ್ಕಾಲು ಪಾಲು ಒಕ್ಕಲುತನದವರು. ಹಟ್ಟಿಯಲ್ಲಿ ಎಮ್ಮೆ ಇದೆ, ಕೆಲವರಲ್ಲಿ ಇನ್ನೂ ಎತ್ತುಗಳಿವೆ. ಬತ್ತಿದ ಎಮ್ಮೆ, ಹೆಗಲು ಸೋತ ಎತ್ತು ಎಲ್ಲಿಗೆ ಹೋಗುತ್ತದೆ? ಸಂತೆಗೆ. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುತ್ತಾನೆ, ಹಗ್ಗ ಕೈ ಬದಲಾಗುತ್ತದೆ. ಹಣ ಎಣಿಸಿಕೊಂಡು ನಾವು ಬಸ್ಸು ಹಿಡಿಯುತ್ತೇವೆ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದನ್ನು ನಾನು ನೌಕರಿಯ ಉದ್ದಕ್ಕೂ ಕಂಡಿದ್ದೇನೆ. ಅದನ್ನು ಹೇಳಲು ಬಂದಿದ್ದೇನೆ.

ಮೊದಲು ಕಾನೂನಿನ ಮಾತು. "ಈಗ ನಿಷೇಧ ಬಂದಿದೆಯಲ್ಲ, ಇನ್ನೇನು?" ಎಂದು ಬಹಳ ಜನ ಕೇಳುತ್ತಾರೆ. 1964ರ ಕಾಯ್ದೆಯ ಜಾಗದಲ್ಲಿ ನಮ್ಮ ರಾಜ್ಯದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಬಂತು, 2021ರ ಜನವರಿಯಿಂದ ಜಾರಿಯಾಯಿತು. ಅದರ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ಕಡಿಯುವಂತಿಲ್ಲ. ಎಮ್ಮೆ, ಕೋಣಕ್ಕೆ ಮಾತ್ರ 13 ವರ್ಷ ದಾಟಿದ್ದರೆ ಅವಕಾಶ ಉಂಟು. ಅಂದರೆ ಕಸಾಯಿಖಾನೆ ಮುಚ್ಚಿಲ್ಲ. ನಮ್ಮ ತಾಯಂದಿರು ಹೆಸರಿಟ್ಟು ಕರೆದು ಹಾಲು ಕರೆದ ಎಮ್ಮೆಯೇ ಅಲ್ಲಿ ನಿಂತಿದೆ. (ನಡುವೆ ಒಂದು ಮಾತು. ಹಲ್ಲು ನೋಡಿ 13 ವರ್ಷ ಎಂದು ಕರಾರುವಾಕ್ಕಾಗಿ ಹೇಳುವುದು ಎಷ್ಟು ಕಷ್ಟ ಎಂಬುದು ಹೇಳಿದವನಿಗೇ ಗೊತ್ತು. ಬಾಯಿಗೂಡಿದ ಮೇಲೆ ಹಲ್ಲಿನ ಸವೆತ ನೋಡಿ ಅಂದಾಜು ಮಾಡಬೇಕು, ಅಷ್ಟೇ.) ಇನ್ನು ಎತ್ತು, ಹೋರಿಗರುಗಳ ಕಥೆ. ಕಾಯ್ದೆ ಬಂದ ದಿನ ರೈತನ ಮೇವು ಹೆಚ್ಚಲಿಲ್ಲ, ಟ್ರ್ಯಾಕ್ಟರ್ ವಾಪಸು ಹೋಗಲಿಲ್ಲ. ಸಾಗಾಟ ಕತ್ತಲೆಗೆ ಸರಿಯಿತು. ಕತ್ತಲಲ್ಲಿ ಸಾಗುವ ದನಕ್ಕೆ ನೀರು ಕುಡಿಸಲು ಯಾರೂ ದಾರಿಯಲ್ಲಿ ಲಾರಿ ನಿಲ್ಲಿಸುವುದಿಲ್ಲ. ನಿಷೇಧ ಬೇಕೋ ಬೇಡವೋ ಎಂಬ ಚರ್ಚೆ ಇವತ್ತಿನದಲ್ಲ. ನಿಷೇಧ ಇದ್ದರೂ ಇಲ್ಲದಿದ್ದರೂ ಆ ಪ್ರಾಣಿಯ ಕೊನೆಯ ಎರಡು ಮೂರು ದಿನ ಹೇಗಿರಬೇಕು ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಕೇಳುವವರು ಕಡಿಮೆ.

ಕೇಳಿದವರು ಇದ್ದಾರೆ. ರುಕ್ಮಿಣಿದೇವಿ ಅರುಂಡೇಲ್ ಅವರ ಹೆಸರು ನೃತ್ಯದ ಮೂಲಕ ನಿಮಗೆ ಗೊತ್ತಿರಬಹುದು. ರಾಜ್ಯಸಭೆಗೆ ನಾಮಕರಣಗೊಂಡ ಆ ತಾಯಿ 1950ರ ದಶಕದಲ್ಲಿ ಪ್ರಾಣಿಗಳ ಪರವಾಗಿ ತಾವೇ ಒಂದು ಮಸೂದೆ ಮಂಡಿಸಿದರು. ಸರ್ಕಾರವೇ ಕಾಯ್ದೆ ತರುವುದಾಗಿ ನೆಹರೂ ಅವರು ಮಾತು ಕೊಟ್ಟ ಮೇಲೆ ಹಿಂತೆಗೆದುಕೊಂಡರು. ಅದರ ಫಲವೇ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಅದರಡಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು, ಅವರೇ ಮೊದಲ ಅಧ್ಯಕ್ಷೆ. ಆದರೆ ದಂಡ ಎಷ್ಟು ಗೊತ್ತೇ? ದನವನ್ನು ಹೊಡೆದರೆ, ಉಸಿರುಕಟ್ಟುವಂತೆ ತುಂಬಿ ಸಾಗಿಸಿದರೆ ಮೊದಲ ಅಪರಾಧಕ್ಕೆ ಕಾಯ್ದೆಯಲ್ಲಿ ಬರೆದಿರುವುದು 10 ರೂಪಾಯಿಗೆ ಕಡಿಮೆ ಇಲ್ಲದ, 50 ರೂಪಾಯಿ ಮೀರದ ದಂಡ. ಇವತ್ತು ಮಠದ ಹೊರಗೆ ಇಬ್ಬರು ತಿಂಡಿ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ.

ನಿಯಮಗಳು ಮಾತ್ರ ಚೆನ್ನಾಗಿಯೇ ಇವೆ. 1978ರ ಸಾಗಾಟ ನಿಯಮಗಳನ್ನು ಓದಿದರೆ ದನ ಸಾಕಿ ಗೊತ್ತಿದ್ದವರೇ ಬರೆದಿದ್ದಾರೆ ಅನ್ನಿಸುತ್ತದೆ. ಒಂದು ಲಾರಿಯಲ್ಲಿ 6 ದನಕ್ಕಿಂತ ಹೆಚ್ಚು ಹಾಕಬಾರದು. ಕೆಳಗೆ ಜಾರದಂತೆ ನಾರಿನ ಚಾಪೆ ಅಥವಾ ಹಲಗೆ ಇರಬೇಕು. ಬೇರೆ ಸರಕು ತುಂಬಬಾರದು. ನೋಡಿಕೊಳ್ಳಲು ಒಬ್ಬ ಆಳು ಇರಬೇಕು. ದನದ ಮುಖ ಆದಷ್ಟು ಎಂಜಿನ್ ಕಡೆಗಿರಬೇಕು, ಬೆದರದಿರಲಿ ಎಂದು. ಪ್ರಯಾಣಕ್ಕೆ ತಕ್ಕ ಸ್ಥಿತಿಯಲ್ಲಿದೆ ಎಂದು ಪಶುವೈದ್ಯರ ಪ್ರಮಾಣಪತ್ರ ಬೇಕು. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಬ್ಬ ವೈದ್ಯ ಗಂಟೆಗೆ 12, ದಿನಕ್ಕೆ 96 ಪ್ರಾಣಿಗಳಿಗಿಂತ ಹೆಚ್ಚು ತಪಾಸಣೆ ಮಾಡಬಾರದು. ತಪಾಸಣೆಯ ನಂತರ 24 ಗಂಟೆ ವಿಶ್ರಾಂತಿ ಕೊಡಬೇಕು. ಗಬ್ಬದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿ ಇರುವುದನ್ನು ಕಡಿಯಬಾರದು. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯಲೇಬಾರದು.

ಕೊನೆಯ ನಿಯಮ ಇನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿ. ನಾನು ಕರ್ತವ್ಯದ ಮೇಲೆ ಹೋಗುತ್ತಿದ್ದ ಒಂದು ಊರಿನ ಕಸಾಯಿಖಾನೆಯಲ್ಲಿ ನಡುವೆ ಗೋಡೆಯೇ ಇರಲಿಲ್ಲ. ನೆಲ ನುಣುಪು ಕಲ್ಲು, ಮೇಲೆ ನೀರು, ರಕ್ತ. ನೀವು ದನ ಸಾಕಿದವರು, ನಿಮಗೆ ಗೊತ್ತು: ಕಾಲು ಜಾರಿದ ದನ ಎಷ್ಟು ಗಾಬರಿಯಾಗುತ್ತದೆ! ಅದಕ್ಕೆ ನೋವಿಗಿಂತ ಮೊದಲು ಬರುವುದು ನೆಲ ಸಿಗಲಿಲ್ಲವಲ್ಲ ಎಂಬ ಭಯ. ಹೊಸಿಲಲ್ಲಿ ನಿಂತುಬಿಡುತ್ತದೆ. ಆಗ ಬಾಲ ತಿರುಚುತ್ತಾರೆ. ಬಾಲದ ಎಲುಬು ಲಟಕ್ಕೆಂದು ಮುರಿದದ್ದನ್ನು ಕೇಳಿದ್ದೇನೆ. ಲಾರಿಯಲ್ಲಿ ಕುಸಿದದ್ದನ್ನು ಎಬ್ಬಿಸಲು ಕಣ್ಣಿಗೆ ಮೆಣಸಿನಪುಡಿ ಹಾಕಿದ್ದನ್ನೂ ತೊಳೆದಿದ್ದೇನೆ. ತಾಯಂದಿರ ಎದುರು ಇಷ್ಟು ಸಾಕು.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ತಾಯಿ ಮುಖ್ಯರು. 1947ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಾತು ತಡವಾಗಿ ಬಂತು, ಆಟಿಸಂ ಇದೆ ಎಂದರು. ತಾನು ಮಾತಿಗಿಂತ ಚಿತ್ರಗಳಲ್ಲೇ ಯೋಚಿಸುವುದರಿಂದ ದನಕ್ಕೆ ಏನು ಕಾಣುತ್ತದೆ ಎಂಬುದು ಬೇಗ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ದನ ಮುಂದೆ ಹೋಗದೆ ನಿಂತರೆ ಎಲ್ಲರೂ ಕೋಲು ಹುಡುಕಿದರು. ಅವರು ದನ ನಡೆಯುವ ಓಣಿಗೆ ತಾವೇ ಇಳಿದು, ಅದರ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ತೂಗಾಡುವ ಒಂದು ಸರಪಳಿ, ನೀರಿನಲ್ಲಿ ಮಿಂಚುವ ಬೆಳಕು, ಬೇಲಿಗೆ ನೇತುಹಾಕಿದ ಅಂಗಿ, ನೆಲದ ಮೇಲೆ ಬಿದ್ದ ನೆರಳು, ಬೆಳಕಿನಿಂದ ಕತ್ತಲೆಗೆ ತೆರೆಯುವ ಬಾಗಿಲು: ನಿಲ್ಲಲು ಕಾರಣ ಇಂಥವೇ. ಸರಪಳಿ ತೆಗೆದರೆ, ಬಾಗಿಲಲ್ಲಿ ಒಂದು ದೀಪ ಹಾಕಿದರೆ, ನೆಲಕ್ಕೆ ಗೆರೆ ಕೊರೆದರೆ ಕೋಲು ಬೇಕಾಗಲಿಲ್ಲ. ಓಣಿಯನ್ನು ಬಾಗಿಸಿ ಕಟ್ಟಿಸಿ, ಎರಡೂ ಬದಿ ಮುಚ್ಚಿದ ಗೋಡೆ ಮಾಡಿಸಿದರು. ಎಷ್ಟು ದನ ಜಾರಿದವು, ಎಷ್ಟು ಕೂಗಿದವು, ಎಷ್ಟಕ್ಕೆ ಮೊದಲ ಪೆಟ್ಟಿಗೇ ಪ್ರಜ್ಞೆ ತಪ್ಪಿತು ಎಂದು ಎಣಿಸುವ ಪದ್ಧತಿ ತಂದರು. 1999ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ತನಗೆ ಮಾಂಸ ಕೊಡುವ ಕಸಾಯಿಖಾನೆಗಳನ್ನು ಆ ಎಣಿಕೆಯಿಂದ ಅಳೆಯಲು ಶುರುಮಾಡಿದ ಮೇಲೆ, ಕಾನೂನು 1958ರಿಂದ ಹೇಳುತ್ತಿದ್ದದ್ದು ಬೇಗ ಬೇಗ ಆಗತೊಡಗಿತು. ವ್ಯಾಪಾರಿಗೆ ಹಣದ ಭಾಷೆ ಅರ್ಥವಾಗುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಬೆದರಿದ ದನದ ಮಾಂಸ ಕಪ್ಪಾಗುತ್ತದೆ, ಬೇಗ ಕೆಡುತ್ತದೆ ಎಂಬುದೂ ಅವನಿಗೆ ತಿಳಿದ ವಿಷಯವೇ.

ಪ್ರಜ್ಞೆ ತಪ್ಪಿಸುವ ವಿಷಯ ಬಂತು. ಹಣೆಗೆ ಒತ್ತಿ ಹಿಡಿದು ಕಬ್ಬಿಣದ ಮೊಳೆಯಂಥದ್ದನ್ನು ಹೊಡೆಯುವ ಉಪಕರಣವಿದೆ. ಸರಿಯಾದ ಜಾಗಕ್ಕೆ ಬಿದ್ದರೆ ದನ ಆ ಕ್ಷಣವೇ ಎಚ್ಚರ ತಪ್ಪುತ್ತದೆ, ಆಮೇಲೆ ಕೊರಳು ಕೊಯ್ದದ್ದು ಅದಕ್ಕೆ ತಿಳಿಯುವುದಿಲ್ಲ. ಎಚ್ಚರದಲ್ಲೇ ಕೊಯ್ದರೆ ಕೆಲವು ದನಗಳಿಗೆ ಪ್ರಜ್ಞೆ ಹೋಗಲು ಅರ್ಧ ನಿಮಿಷ, ಒಂದು ನಿಮಿಷವೂ ಹಿಡಿಯುತ್ತದೆ. ಏಕೆಂದರೆ ಕತ್ತಿನ ಹಿಂಬದಿಯ ಎಲುಬಿನೊಳಗಿಂದಲೂ ಮೆದುಳಿಗೆ ರಕ್ತ ಹೋಗುತ್ತಿರುತ್ತದೆ. ನಮ್ಮ 2001ರ ನಿಯಮವೂ ಪ್ರಜ್ಞೆ ತಪ್ಪಿಸಲು ಪ್ರತ್ಯೇಕ ಜಾಗ ಮಾಡಿ ಎನ್ನುತ್ತದೆ. ಆದರೆ ಹೊರದೇಶದ ಉಪಕರಣ ತಂದರೆ ಮುಗಿಯಲಿಲ್ಲ. ಎಮ್ಮೆಯ ಹಣೆಯ ಎಲುಬು ದಪ್ಪ, ಒಳಗೆ ಪೊಳ್ಳು ಹೆಚ್ಚು. ಹಸುವಿಗೆ ಸರಿಹೋಗುವ ಜಾಗ ಎಮ್ಮೆಗೆ ಸರಿಹೋಗುವುದಿಲ್ಲ. ಕಲಿಸುವವರು ಬೇಕು, ಕಲಿಯಲು ಪುರುಸೊತ್ತು ಬೇಕು.

ಇಲ್ಲಿ ಕೆಲವರ ಮನಸ್ಸು ಒಂದು ಧರ್ಮದವರ ಕಡೆಗೆ ಬೆರಳು ತೋರಿಸಲು ಹೊರಡುತ್ತದೆ, ನನಗೆ ಗೊತ್ತು. ನ್ಯೂಜಿಲೆಂಡಿನಲ್ಲಿ ಹಲಾಲ್ ಮಾಂಸದ ಉದ್ಯಮವೇ ವಿದ್ಯುತ್ತಿನಿಂದ ಎಚ್ಚರ ತಪ್ಪಿಸಿ ನಡೆಯುತ್ತದೆ. ಜೀವ ಹೋಗದಂತೆ ಎಚ್ಚರ ಮಾತ್ರ ತಪ್ಪಿಸುವ ಕ್ರಮ ಅದು, ಅದನ್ನು ಒಪ್ಪಿ ಕೊಳ್ಳುವ ಮುಸ್ಲಿಂ ದೇಶಗಳಿವೆ. ಕೂತು ಮಾತಾಡಿದರೆ ದಾರಿ ಸಿಗುತ್ತದೆ. ರಸ್ತೆಯಲ್ಲಿ ಲಾರಿ ತಡೆದು ಚಾಲಕನನ್ನು ಹೊಡೆದರೆ ದನಕ್ಕೆ ಏನು ಸಿಕ್ಕಿತು? ಹಾಗೆ ತಡೆದ ಒಂದು ಲಾರಿಯ ದನಗಳನ್ನು ನೋಡಲು ನನ್ನನ್ನು ಕರೆಸಿದ್ದರು. ಮನುಷ್ಯರ ಜಗಳ ಮುಗಿಯುವವರೆಗೆ ಅವು ಅದೇ ಲಾರಿಯಲ್ಲಿ, ಅದೇ ಬಿಸಿಲಲ್ಲಿ ನಿಂತಿದ್ದವು. ಘೋಷಣೆ ಕೂಗಿದವರಲ್ಲಿ ಒಬ್ಬನೂ ಒಂದು ಬಕೆಟ್ ನೀರು ತಂದಿರಲಿಲ್ಲ.

ಇನ್ನು ಆ ಕೆಲಸ ಮಾಡುವವರು. ಕನ್ನಡದಲ್ಲಿ "ಕಟುಕ" ಎಂದರೆ ಬೈಗುಳ. ನಾನು ಕಂಡವರು ಹಾಗಿರಲಿಲ್ಲ. ತಲೆಗಿಷ್ಟು ಎಂದು ಕೂಲಿ, ಮೊಳಕಾಲುದ್ದ ಬೂಟೂ ಇಲ್ಲ, ಕೈಗೆ ಗಾಯವಾದರೆ ಬಟ್ಟೆ ಸುತ್ತಿಕೊಂಡು ಮುಂದಿನದು. ಅವಸರದಲ್ಲಿ ಇರುವವನಿಂದ ಕರುಣೆ ನಿರೀಕ್ಷಿಸುವುದು ಸುಲಭ, ಅವನ ಅವಸರ ಕಡಿಮೆ ಮಾಡುವುದು ಕಷ್ಟ. ಶರಣರು ಈ ಕಡೆಗೆ ಮುಖ ತಿರುಗಿಸಲಿಲ್ಲ ಎಂಬುದನ್ನು ನಾವು ಮರೆಯಬಾರದು. ಡೋಹರ ಕಕ್ಕಯ್ಯನವರು ತೊಗಲು ಹದ ಮಾಡುವ ಕಾಯಕದವರು, ಹರಳಯ್ಯನವರು ಚಮ್ಮಾರಿಕೆಯವರು. ಸತ್ತ ದನದ ವಾಸನೆ ಅವರ ಕೈಗಿತ್ತು. ಆ ಕೈಗಳೇ ಲಿಂಗ ಹಿಡಿದವು, ಕಲ್ಯಾಣದ ಶರಣರು ಅವರನ್ನು ಅಪ್ಪಿಕೊಂಡರು. ಕಸಾಯಿಖಾನೆಯನ್ನು ಊರಾಚೆ ಇಟ್ಟು, ಅಲ್ಲಿಯವರನ್ನು ಮನುಷ್ಯರ ಲೆಕ್ಕದಿಂದ ಹೊರಗಿಟ್ಟು, ಅಲ್ಲಿ ದಯೆ ಇಲ್ಲ ಎಂದು ದೂರುವುದು ಆ ಪರಂಪರೆಗೆ ಒಪ್ಪುವ ಮಾತಲ್ಲ. ಬಸವಣ್ಣನವರು ಹರಕೆಯ ಕುರಿಯ ಬಗ್ಗೆ ಬರೆದ ವಚನ ನಿಮಗೆಲ್ಲ ಬಾಯಿಪಾಠ. ಅಲ್ಲಿ ಅವರ ಕಣ್ಣು ಹಬ್ಬದ ಮೇಲಿಲ್ಲ, ಕುರಿಯ ಮೇಲಿದೆ. ಗ್ರ್ಯಾಂಡಿನ್ ಓಣಿಗೆ ಇಳಿದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಈಗ ನಮ್ಮ ಮನೆಯ ಕೆಲಸಕ್ಕೆ ಬರೋಣ. ಮಠಗಳಿಗೂ ದನಕ್ಕೂ ನಂಟು ಹಳೆಯದು. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆ, ಸುತ್ತೂರಿನ ಜಾತ್ರೆ, ವಿಜಯಪುರದ ಸಿದ್ಧೇಶ್ವರ ಜಾತ್ರೆ ಎಲ್ಲವೂ ದನದ ಜಾತ್ರೆಗಳೂ ಹೌದು. ನಮ್ಮ ಮಠದ ಜಾತ್ರೆ ಅಷ್ಟು ದೊಡ್ಡದಲ್ಲ, ಆದರೂ ಇಲ್ಲಿಯೂ ಹಗ್ಗ ಕೈ ಬದಲಾಗುತ್ತದೆ. ಕಳೆದ ಜಾತ್ರೆಯಲ್ಲಿ ದನಗಳನ್ನು ಲಾರಿಗೆ ಹತ್ತಿಸಿದ್ದನ್ನು ನೋಡಿದಿರಲ್ಲ: ಮಣ್ಣಿನ ಗುಡ್ಡೆಗೆ ಲಾರಿ ಹಿಮ್ಮುಖ ನಿಲ್ಲಿಸಿ, ಮುಂದಿನಿಂದ ಮೂಗುದಾರ ಎಳೆದು, ಹಿಂದಿನಿಂದ ಬಾಲ ತಿರುಚಿ. ಇಳಿಸುವಾಗ ಗುಡ್ಡೆಯೂ ಇಲ್ಲ, ನೆಗೆಸುತ್ತಾರೆ. ಮುಂಗಾಲು ಮುರಿಯುವುದು ಅಲ್ಲೇ. ಉಳುವುದಕ್ಕೆ ಕೊಂಡ ಜೋಡಿಯೂ ಅದೇ ಗುಡ್ಡೆ ಹತ್ತಬೇಕು, ಮುದಿ ಎಮ್ಮೆಯೂ ಅದನ್ನೇ ಹತ್ತಬೇಕು.

ಅದಕ್ಕೆ ಒಂದು ಕಾಂಕ್ರೀಟ್ ಕಟ್ಟೆ ಸಾಕು. ನುಣುಪು ಇಳಿಜಾರು ಬೇಡ, ಮೆಟ್ಟಿಲು ಬೇಕು: ಒಂದೊಂದು ಮೆಟ್ಟಿಲು 4 ಅಂಗುಲ ಎತ್ತರ, 12 ಅಂಗುಲ ಅಗಲ. ಲಾರಿಯ ತಳ 4 ಅಡಿ ಎತ್ತರ ಎಂದಿಟ್ಟುಕೊಂಡರೆ 12 ಮೆಟ್ಟಿಲು, 12 ಅಡಿ ಉದ್ದ. ತುದಿಯಲ್ಲಿ ದನ ನಿಂತು ನೋಡಲು ಒಂದಿಷ್ಟು ಸಮತಟ್ಟು. ಎರಡೂ ಬದಿಗೆ ಕಿಂಡಿಯಿಲ್ಲದ ಗೋಡೆ. ಪಕ್ಕದಲ್ಲಿ ನೆರಳು, ಉದ್ದನೆಯ ನೀರಿನ ತೊಟ್ಟಿ; ಬೇಸಿಗೆಯಲ್ಲಿ ಒಂದು ಎತ್ತಿಗೆ ದಿನಕ್ಕೆ 40 ಲೀಟರ್ ಆದರೂ ಬೇಕು. ಹೊರಡುವ ಮೊದಲು ನೀರು ಕುಡಿಸಿ, 6ಕ್ಕಿಂತ ಹೆಚ್ಚು ತುಂಬಿದ ಲಾರಿಯನ್ನು ಜಾತ್ರೆಯ ಬಾಗಿಲು ದಾಟಲು ಬಿಡದಿರುವ ಕೆಲಸ ನಮ್ಮ ಯುವಕ ಸಂಘದವರದು. ಜಗಳ ಬೇಡ, ಎಣಿಸಿ, ಹೆಚ್ಚಿದ್ದನ್ನು ಇಳಿಸಲು ಹೇಳಿ, ಇಳಿಸುವವರೆಗೆ ಬಾಗಿಲು ಹಾಕಿ. ಜಾತ್ರೆಯ ಜಾಗ ಮಠದ್ದು, ಶರತ್ತು ಹಾಕುವ ಅಧಿಕಾರವೂ ಮಠದ್ದು. ದಾಸೋಹದಲ್ಲಿ ಲಕ್ಷ ಜನಕ್ಕೆ ಉಣಬಡಿಸುವ ಶಕ್ತಿ ಇರುವ ಸಮಾಜಕ್ಕೆ ಒಂದು ತೊಟ್ಟಿ, ಒಂದು ಕಟ್ಟೆ ಭಾರವಲ್ಲ.

ಎರಡನೆಯದು ಸ್ವಲ್ಪ ಮುಜುಗರದ್ದು. ನಮ್ಮ ಊರಿನ ಕಸಾಯಿಖಾನೆ ಪುರಸಭೆಯದು. ಪುರಸಭೆಯಲ್ಲಿ ನಮ್ಮ ಸಮಾಜದ ಸದಸ್ಯರೂ ಇದ್ದಾರೆ. ರಸ್ತೆ, ಚರಂಡಿಗೆ ಹಣ ಕೇಳುವಂತೆ ಅಲ್ಲಿ ಒಂದು ಅಡ್ಡಗೋಡೆಗೆ, ಗೆರೆ ಕೊರೆದ ನೆಲಕ್ಕೆ, ಬಾಗಿಲ ದೀಪಕ್ಕೆ, ಕೆಲಸಗಾರರ ಬೂಟಿಗೆ ಹಣ ಕೇಳಿ. "ಲಿಂಗಾಯತರು ಕಸಾಯಿಖಾನೆಗೆ ಹಣ ಕೇಳುತ್ತಾರೆ" ಎಂದು ಯಾರಾದರೂ ನಕ್ಕರೆ ನಗಲಿ. ಅಲ್ಲಿ ನಿಂತಿರುವ ಎಮ್ಮೆ ನಮ್ಮ ಹಟ್ಟಿಯಿಂದ ಹೋದದ್ದು ಎಂದು ಹೇಳಿ.

ಕಟ್ಟೆಯ ಅಳತೆಯ ನಕ್ಷೆಯನ್ನು ಎರಡು ಪ್ರತಿ ತಂದಿದ್ದೇನೆ. ಒಂದನ್ನು ಮಠದ ಕಚೇರಿಯಲ್ಲಿ ಕೊಟ್ಟಿದ್ದೇನೆ. ಇನ್ನೊಂದು ನನ್ನ ಹತ್ತಿರವೇ ಇದೆ. ಗಾರೆ ಕೆಲಸ ಗೊತ್ತಿದ್ದವರು ಪ್ರಸಾದದ ನಂತರ ಬಂದು ನೋಡಬಹುದು.