ಎಂಬತ್ತು ದಾಟಿದವರ ಕರುಳಿನ ಕ್ಯಾನ್ಸರ್ ಮತ್ತು ಸಣ್ಣ ಗಾಯದ ಶಸ್ತ್ರಚಿಕಿತ್ಸೆ

ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಇಳಿವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ, ಗಡ್ಡೆ ಕರುಳಿನ ಬಲಭಾಗದಲ್ಲಿ ಹುಟ್ಟುವುದು ಹೆಚ್ಚು. ಅಲ್ಲಿ ಕರುಳು ಅಗಲ, ಮಲ ಇನ್ನೂ ತೆಳು. ಗಡ್ಡೆ ಬೆಳೆದರೂ ಬೇಗ ದಾರಿ ಕಟ್ಟುವುದಿಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಸೋರಿ ಅಜ್ಜಿ ಬಿಳಿಚಿಕೊಳ್ಳುತ್ತಾಳೆ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾಳೆ. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಎಡಭಾಗದ ಗಡ್ಡೆಯಿಂದ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಮನೆಮದ್ದು ನಡೆಯುತ್ತದೆ. ಕೊಲೊನೋಸ್ಕೋಪಿ ಆಗುವ ಹೊತ್ತಿಗೆ ರೋಗಿಯ ಶಕ್ತಿ ಅರ್ಧ ಸೋರಿಹೋಗಿರುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯಿರುವ ಕರುಳಿನ ತುಂಡನ್ನು ಅದರ ರಕ್ತನಾಳ, ದುಗ್ಧಗ್ರಂಥಿಗಳ ಸಮೇತ ತೆಗೆದು ಉಳಿದ ತುದಿಗಳನ್ನು ಜೋಡಿಸುತ್ತಾರೆ. ಕಾಯಿಲೆಯ ಹಂತ ಸರಿಯಾಗಿ ತಿಳಿಯಲು ಕನಿಷ್ಠ 12 ಗ್ರಂಥಿಗಳಾದರೂ ಪರೀಕ್ಷೆಗೆ ಸಿಗಬೇಕು. ಹಳೆಯ ವಿಧಾನದಲ್ಲಿ ಇದಕ್ಕಾಗಿ ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ಯಬೇಕಿತ್ತು. ಲ್ಯಾಪರೋಸ್ಕೋಪಿಯಲ್ಲಿ ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಸಲಕರಣೆ ಒಳಹೋಗುತ್ತವೆ. ಕತ್ತರಿಸಿದ ಭಾಗವನ್ನು ಐದಾರು ಸೆಂಟಿಮೀಟರ್ ಗಾಯದಿಂದ ಹೊರತೆಗೆಯುತ್ತಾರೆ. ಒಳಗಿನ ಕೆಲಸ ಎರಡರಲ್ಲೂ ಒಂದೇ.

1990ರ ದಶಕದಲ್ಲಿ ಈ ವಿಧಾನ ಬಂದಾಗ ಕ್ಯಾನ್ಸರ್ ಮತ್ತೆ ಬಂದೀತೆಂಬ ಆತಂಕವಿತ್ತು. 872 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಅದನ್ನು ನಿವಾರಿಸಿತು. ಮೂರು ವರ್ಷಗಳಲ್ಲಿ ಕಾಯಿಲೆ ಮರುಕಳಿಸಿದ್ದು ಲ್ಯಾಪರೋಸ್ಕೋಪಿಯಲ್ಲಿ ಶೇ. 16, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 18, ಹೆಚ್ಚುಕಡಿಮೆ ಸಮ. ಆಸ್ಪತ್ರೆವಾಸ ಆರು ದಿನದಿಂದ ಐದಕ್ಕೆ ಇಳಿಯಿತು.

ಒಂದು ದಿನದ ಉಳಿತಾಯ ನಲವತ್ತರ ರೋಗಿಗೆ ಅಷ್ಟೇನೂ ದೊಡ್ಡದಲ್ಲ. ಎಂಬತ್ತೈದರ ದೇಹಕ್ಕೆ ಲೆಕ್ಕವೇ ಬೇರೆ. ಉದ್ದನೆಯ ಗಾಯ ನೋಯುವುದರಿಂದ ಮುದುಕರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮಲು ಹೆದರುತ್ತಾರೆ. ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಹಾಸಿಗೆ ಹಿಡಿದು ಕಳೆದುಕೊಂಡ ಕಾಲಿನ ಶಕ್ತಿ ಆ ವಯಸ್ಸಿನಲ್ಲಿ ಪೂರ್ತಿ ಮರಳುವುದು ಕಷ್ಟ. ಸಣ್ಣ ಗಾಯದ ನಿಜವಾದ ಲಾಭ ಇಲ್ಲಿದೆ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೊಟ್ಟೆಯನ್ನು ಇಂಗಾಲದ ಡೈಆಕ್ಸೈಡ್‌ನಿಂದ, ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ, ಉಬ್ಬಿಸಬೇಕು. ವಪೆ ಮೇಲೇರಿ ಶ್ವಾಸಕೋಶ ಕುಗ್ಗುತ್ತದೆ, ಹೃದಯದ ಹೊರೆ ಹೆಚ್ಚುತ್ತದೆ, ಅನಿಲ ರಕ್ತಕ್ಕೂ ಸೇರುತ್ತದೆ. ಹೃದಯ ದುರ್ಬಲವಾಗಿದ್ದರೆ ಒತ್ತಡ ತಗ್ಗಿಸಬೇಕು. ಅದಕ್ಕೂ ಬಗ್ಗದಿದ್ದರೆ ಹೊಟ್ಟೆ ತೆರೆಯಬೇಕು; ಅದು ವೈದ್ಯರ ಸೋಲಲ್ಲ, ವಿವೇಕ. ಕರುಳಿನ ಜೋಡಣೆ ಬಿಟ್ಟುಕೊಂಡು ಸೋರಿದರೆ ಮಾತ್ರ ಹೊರಗಿನ ಗಾಯ ಎಷ್ಟು ಚಿಕ್ಕದಿದ್ದರೂ ಜೀವಕ್ಕೆ ಅಪಾಯ.

ಆದ್ದರಿಂದ ಅಳೆಯಬೇಕಾದದ್ದು ವಯಸ್ಸನ್ನಲ್ಲ, ಕಸುವನ್ನು. ರೋಗಿ ತಾನೇ ಸ್ನಾನ ಮಾಡುತ್ತಾರೆಯೇ, ಕುಳಿತಲ್ಲಿಂದ ಆಸರೆಯಿಲ್ಲದೆ ಏಳುತ್ತಾರೆಯೇ, ತೋಟದವರೆಗೆ ನಡೆಯುತ್ತಾರೆಯೇ, ನೆನಪು ನೆಟ್ಟಗಿದೆಯೇ: ಈ ಪ್ರಶ್ನೆಗಳು ಜನ್ಮ ದಿನಾಂಕಕ್ಕಿಂತ ಹೆಚ್ಚು ಹೇಳುತ್ತವೆ. ತುರ್ತು ಇಲ್ಲದಿದ್ದರೆ ಎರಡು ಮೂರು ವಾರ ಸಿದ್ಧತೆಗೆ ಕೊಡುವುದು ಒಳ್ಳೆಯದು: ರಕ್ತ ಹೆಚ್ಚಿಸಲು ಕಬ್ಬಿಣದ ಇಂಜೆಕ್ಷನ್, ಬೇಳೆ, ಮೊಟ್ಟೆ, ಹಾಲು, ದಿನವೂ ನಡಿಗೆ, ಉಸಿರಾಟದ ವ್ಯಾಯಾಮ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ತೋರಿಸಿಕೊಟ್ಟ ಹಾದಿಯಲ್ಲಿ, ಶಸ್ತ್ರಚಿಕಿತ್ಸೆಯಾದ ಬೆನ್ನಿಗೇ ಬಾಯಿಂದ ಆಹಾರ ಕೊಟ್ಟು ನಡೆಸುತ್ತಾರೆ. ಮುದುಕರಲ್ಲಿ ರಾತ್ರಿ ಬುದ್ಧಿಭ್ರಮಣೆ ಸಾಮಾನ್ಯ. ಕನ್ನಡಕ, ಕಿವಿಯ ಯಂತ್ರ, ಪಕ್ಕದಲ್ಲೊಂದು ಪರಿಚಿತ ಮುಖ ಇದ್ದರೆ ಅದು ಕಡಿಮೆಯಾಗುತ್ತದೆ.

ತೀರಾ ಕೃಶರಾದವರಿಗೆ ಶಸ್ತ್ರಚಿಕಿತ್ಸೆ ಬೇಡವೆನ್ನುವುದೂ ಚಿಕಿತ್ಸೆಯೇ. ನೋವು ತಗ್ಗಿಸುವುದು, ರಕ್ತ ಕೊಡುವುದು, ಕಟ್ಟಿದ ಕರುಳಿಗೆ ಸ್ಟೆಂಟ್ ಇಡುವುದು ಸಾಧ್ಯವಿದೆ. ಆಯ್ಕೆ ರೋಗಿಯದಾಗಬೇಕು. ಬಂದಳಿಕೆಯ ಹತ್ತನೆಯ ಶತಮಾನದ ಶಾಸನದಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದ ಜಕ್ಕಿಯಬ್ಬೆಯ ಕಥೆಯಿದೆ. ಕಾಯಿಲೆ ಬಿದ್ದಾಗ ಆಕೆ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಉಪವಾಸದಿಂದ ದೇಹ ಬಿಡುವ ಜೈನರ ಸಲ್ಲೇಖನ ವ್ರತ ಕೈಗೊಂಡಳು. ಆ ವ್ರತ ಇಂದಿನ ರೋಗಿಗೆ ಮಾದರಿ ಎಂದಲ್ಲ. ತನ್ನ ದೇಹದ ತೀರ್ಮಾನ ಅಲ್ಲಿ ಆಕೆಯದೇ ಆಗಿತ್ತು. ಅದೇ ಸೀಮೆಯ ಶಿಕಾರಿಪುರ, ಸೊರಬದ ಮನೆಗಳಲ್ಲಿ ಇಂದು ವೈದ್ಯರೊಡನೆ ಮಾತಾಡುವುದು ಮಗ, ಅಳಿಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಹಾಸಿಗೆಯ ಮೇಲಿರುವ ಅಜ್ಜಿಯನ್ನು ಒಮ್ಮೆ ಕೇಳಿ.